ಮೂರೂವರೆ ಗಂಟೆಯ ಊಟ

2018ರ ರಂಜಾನ್ ಮೇ ತಿಂಗಳ ಬಿಸಿಲಿಗೆ ಸರಿಯಾಗಿ ಸಿಕ್ಕಿಬಿದ್ದಿತ್ತು. ಆ ವರ್ಷ ಅಮ್ಮನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿ, ಹನ್ನೊಂದು ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದೆ. ಸಹರಿ, ಅಂದರೆ ಉಪವಾಸ ಶುರುವಾಗುವ ಮುಂಚಿನ ನಸುಕಿನ ಊಟ, ನಾಲ್ಕೂವರೆಯೊಳಗೆ ಮುಗಿಯಬೇಕು. ಆ ಹೊತ್ತಿಗೆ ಕ್ಯಾಂಟೀನೂ ಇಲ್ಲ, ಹೊರಗೆ ಹೋಟೆಲೂ ಇಲ್ಲ. ಹಿಂದಿನ ಸಂಜೆ ತಂದಿಟ್ಟುಕೊಂಡ ಬನ್ನು, ಎರಡು ಬಾಳೆಹಣ್ಣು, ಒಂದು ಬಾಟಲಿ ನೀರು. ಅಷ್ಟರಲ್ಲೇ ರೋಜಾ, ಅಂದರೆ ಆ ದಿನದ ಉಪವಾಸ. ಸಂಜೆ ಮಾತ್ರ ಗೇಟಿನ ಮುಂದೆ ಜಾತ್ರೆ. ಮೂರು ಗುಂಪಿನವರು ಖರ್ಜೂರ, ಸಮೋಸ, ಕಲ್ಲಂಗಡಿ ಹಿಡಿದು ನಿಂತಿರುತ್ತಿದ್ದರು. ಸಾಕು ಅಂದರೂ ಕೈಗೆ ತುರುಕುತ್ತಿದ್ದರು.

ಮಾರನೇ ವರ್ಷ ನಾನೂ ನಾಲ್ಕು ಜನ ಗೆಳೆಯರೂ ಸೇರಿ ಏನಾದರೂ ಮಾಡೋಣ ಅಂತ ಹೊರಟಾಗ ಮಾಡಿದ್ದೇನು ಗೊತ್ತಾ? ಅದೇ ಸಮೋಸ, ಅದೇ ಕಲ್ಲಂಗಡಿ. ನಾನೇ ಪಟ್ಟ ಪಾಡನ್ನು ನಾನೇ ಮರೆತಿದ್ದೆ. ಮೂರನೇ ದಿನ ಅರವತ್ತು ಸಮೋಸ ಮಿಕ್ಕವು. ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಚಾಚಾ ಒಬ್ಬರು, "ಬೇಟಾ, ಸಂಜೆ ಊರೆಲ್ಲ ಬರ್ತೀರಿ. ರಾತ್ರಿ ಒಬ್ಬರೂ ಬರಲ್ಲ" ಅಂದರು. ಬೈಗುಳದ ಹಾಗೇನೂ ಹೇಳಲಿಲ್ಲ. ಆದರೂ ನನಗೆ ನಾಚಿಕೆಯಾಯಿತು. ಐದನೇ ರೋಜಾದಿಂದ ಸಮೋಸ ಬಿಟ್ಟು ಸಹರಿ ಊಟಕ್ಕೆ ಇಳಿದೆವು.

ನಮ್ಮ ಮನೆ ಜಯನಗರದ ಪಕ್ಕ, ತಿಲಕ್ ನಗರದಲ್ಲಿ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ಸಂಜಯ್ ಗಾಂಧಿ, ಮಕ್ಕಳ ಆಸ್ಪತ್ರೆ ಎಲ್ಲವೂ ಸ್ಕೂಟರಿನಲ್ಲಿ ಹೋಗಿ ಬರುವ ದೂರ. ಬೀದರ್‌ನಿಂದ ಚಾಮರಾಜನಗರದವರೆಗೆ ರೋಗಿಗಳು ಬರುತ್ತಾರೆ, ಆಂಧ್ರ, ಬಂಗಾಳದಿಂದಲೂ ಬರುತ್ತಾರೆ. ಜೊತೆಗೆ ಬಂದವರು ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಮಲಗುತ್ತಾರೆ. ನಾವು ಯಾವ ಯಾವ ಗೇಟಿಗೆ ಹೋಗುತ್ತೇವೆ ಅಂತ ಹೇಳುವುದಿಲ್ಲ. ಹೇಳಿದರೆ ಅಲ್ಲೂ ಜಾತ್ರೆ ಶುರುವಾಗುತ್ತದೆ.

ಕೆಲಸ ನಡೆಯುವುದು ಹೀಗೆ. ರಂಜಾನಿನ ರಾತ್ರಿ ನಮಾಜು ತರಾವೀಹ್ ಮುಗಿದ ಮೇಲೆ ಇಬ್ಬರು ಹೋಗಿ ಎಣಿಕೆ ತರುತ್ತಾರೆ. ನಾಳೆ ರೋಜಾ ಯಾರಿಗಿದೆ, ಎಷ್ಟು ಊಟ ಬೇಕು, ಯಾರನ್ನು ಎಬ್ಬಿಸಬೇಕು ಅಂತ ಕೇಳುತ್ತಾರೆ. ಹೆಂಗಸರು ಮಲಗುವ ಕಡೆ ನನ್ನ ತಂಗಿ ಹೋಗುತ್ತಾಳೆ. ವಾರ್ಡಿನೊಳಗೆ ನಾವು ಕಾಲಿಡುವುದಿಲ್ಲ. ಮೂರೂವರೆಗೆ ಗೇಟಿಗೆ ಬಂದು ಮಿಸ್ಡ್ ಕಾಲ್ ಕೊಟ್ಟರೆ ಅವರೇ ಹೊರಗೆ ಬರುತ್ತಾರೆ. ವಾಚ್‌ಮನ್‌ಗೂ ಒಂದು ಡಬ್ಬಿ. ಇದು ಲಂಚ ಅಲ್ಲ, ಅವನೂ ರಾತ್ರಿಯೆಲ್ಲ ಹಸಿದಿರುತ್ತಾನೆ. ಸರಿ, ಸ್ವಲ್ಪ ಲಂಚವೂ ಹೌದು.

ಅಡುಗೆ ಮಾಡುವ ಬಾವರ್ಚಿ ಮದುವೆ ಬಿರಿಯಾನಿ ಮಾಡುವವರು. ಹನ್ನೆರಡೂವರೆಗೆ ಒಲೆ ಹಚ್ಚುತ್ತಾರೆ. ಕುಷ್ಕಾ, ಅಂದರೆ ಮಾಂಸವಿಲ್ಲದ ಬಿರಿಯಾನಿ ಅನ್ನ, ಮತ್ತು ದಾಲ್ಚಾ, ಅಂದರೆ ತರಕಾರಿ ಹಾಕಿದ ಬೇಳೆ ಸಾರು. 20 ಕೆಜಿ ಅಕ್ಕಿಗೆ ನೂರೈವತ್ತು, ನೂರಅರವತ್ತು ಡಬ್ಬಿ ಆಗುತ್ತದೆ. ಒಂದು ಡಬ್ಬಿಗೆ ನಮಗೆ ಬೀಳುವ ಖರ್ಚು 40 ರೂಪಾಯಿ ಆಸುಪಾಸು. ದೇಗಿನ ಮುಚ್ಚಳದ ಮೇಲೆ ಕೆಂಡ ಹಾಕಿ ದಮ್ ಕೊಟ್ಟು, ಎರಡೂಕಾಲಿಗೆ ಮುಚ್ಚಳ ತೆಗೆಯುತ್ತಾರೆ. ಮೊದಲ ವರ್ಷ ನಾವು ಆ ಬಿಸಿಬಿಸಿ ಅನ್ನವನ್ನು ಹಾಗೇ ಫಾಯಿಲ್ ಡಬ್ಬಿಗೆ ತುಂಬಿ ಒತ್ತಿ ಮುಚ್ಚಿಬಿಟ್ಟೆವು. ಒಂದು ಗಂಟೆಯಲ್ಲಿ ಮುಚ್ಚಳದೊಳಗೆ ನೀರು ತೊಟ್ಟಿಕ್ಕುತ್ತಿತ್ತು. ಅನ್ನ ಮುದ್ದೆಯಾಗಿ, ಕೆಳಗಿನ ಸಾಲಿನ ಡಬ್ಬಿಗಳಲ್ಲಿ ಹುಳಿ ವಾಸನೆ ಬಂದಿತ್ತು. ನಲವತ್ತು ಡಬ್ಬಿ ಎಸೆಯಬೇಕಾಯಿತು. ಈಗ ಅಗಲವಾದ ತಟ್ಟೆಗಳಿಗೆ ಅನ್ನ ಹರಡಿ ಹತ್ತು ನಿಮಿಷ ಫ್ಯಾನ್ ಕೆಳಗೆ ಇಟ್ಟು, ಹಬೆ ಹೋದ ಮೇಲೆ ತುಂಬುತ್ತೇವೆ. ದಾಲ್ಚಾವನ್ನು ಕವರಿಗೆ ಹಾಕಿ ಎರಡು ಸಲ ಗಂಟು ಕಟ್ಟುತ್ತೇವೆ. ಒಂದೇ ಗಂಟು ಹಾಕಿದರೆ ನಿಮ್ಮ ಸ್ಕೂಟರ್ ಡಿಕ್ಕಿ ಬೇಳೆಯಲ್ಲಿ ಮುಳುಗುತ್ತದೆ, ನಂಬಿ.

ಉಪ್ಪಿನ ಪಾಠ ಕಲಿಸಿದ್ದು ಗದಗಿನ ಕಡೆಯ ಒಬ್ಬ ತಾಯಿ. ಮಗನಿಗೆ ಕಾಲಿನ ಆಪರೇಷನ್ ಆಗಿತ್ತು. ಡಬ್ಬಿ ತಗೊಂಡು ಹೋಗುತ್ತಿದ್ದವರು ವಾಪಸ್ ತಿರುಗಿ ಬಂದು, ಸಂಕೋಚದಿಂದ ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದರು. "ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ಊಟ ಛಲೋ ಐತಿ. ಆದ್ರ ಉಪ್ಪು ಭಾಳ ಆಗೇತ್ರಿ. ಮಧ್ಯಾಹ್ನಕ್ಕ ನಾಲಿಗಿ ಒಣಗಿ ಹೋಗ್ತೈತಿ." ಹೌದಲ್ವಾ! ಬಾವರ್ಚಿ ಮದುವೆ ಮನೆಯ ರುಚಿಗೆ ಉಪ್ಪು ಹಾಕುತ್ತಿದ್ದರು, ನಾವು ಜೊತೆಗೆ ಉಪ್ಪಿನಕಾಯಿ ಬೇರೆ ಕೊಡುತ್ತಿದ್ದೆವು. ಬೇಸಿಗೆ, ಹದಿಮೂರು ಹದಿನಾಲ್ಕು ಗಂಟೆ ನೀರಿಲ್ಲದ ದಿನ, ಅದಕ್ಕೆ ಉಪ್ಪಿನಕಾಯಿ! ಮರುದಿನದಿಂದ ಉಪ್ಪಿನಕಾಯಿ ನಿಲ್ಲಿಸಿದೆವು. ಮೊಸರು, ಒಂದು ಬಾಳೆಹಣ್ಣು, ಎರಡು ಖರ್ಜೂರ ಸೇರಿಸಿದೆವು. ಉಪ್ಪು ಕಡಿಮೆ ಮಾಡಿ ಅಂದಾಗ ಬಾವರ್ಚಿಗೆ ಕೋಪ ಬಂತು, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವರ ಅಡುಗೆಗೆ ಯಾರೂ ಇದುವರೆಗೆ ಸಪ್ಪೆ ಅಂದಿರಲಿಲ್ಲವಂತೆ.

ರೋಗಿಗಳೂ ಕೆಲವರು ರೋಜಾ ಇಡುತ್ತೇವೆ, ಊಟ ಕೊಡಿ ಅನ್ನುತ್ತಾರೆ. ಕಾಯಿಲೆ ಇದ್ದವರಿಗೆ, ಪ್ರಯಾಣದಲ್ಲಿರುವವರಿಗೆ ಕುರಾನೇ ವಿನಾಯಿತಿ ಕೊಟ್ಟಿದೆ. ಅದನ್ನು ಹೇಳುವುದು ನಮ್ಮ ಕೆಲಸವಲ್ಲ, ಡಾಕ್ಟರನ್ನೋ ಸಿಸ್ಟರನ್ನೋ ಒಂದು ಮಾತು ಕೇಳಿ ಬನ್ನಿ ಅನ್ನುತ್ತೇವೆ, ಅಷ್ಟೇ.

ಇನ್ನೊಂದು ವಿಷಯ ಮೊದಲ ವಾರದಲ್ಲೇ ಎದುರಾಯಿತು. ಒಬ್ಬ ಹುಡುಗ ಬಂದು, "ಅಣ್ಣ, ನಾವು ಮುಸ್ಲಿಮರಲ್ಲ. ರಾತ್ರಿ ಊಟ ಮಾಡಿಲ್ಲ. ಕೊಡ್ತೀರಾ?" ಅಂದ. ಕೊಟ್ಟೆವು. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಆದರೆ ದುಡ್ಡಿನ ಲೆಕ್ಕದಲ್ಲಿ ಯೋಚಿಸಬೇಕಾಯಿತು. ನಮಗೆ ಬರುವ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಜಕಾತ್, ಅಂದರೆ ಕಡ್ಡಾಯ ದಾನ. ನಿಸಾಬ್ ಮುಟ್ಟಿದವರು, ಅಂದರೆ ಇಂತಿಷ್ಟು ಬೆಳ್ಳಿ ಬಂಗಾರದ ಬೆಲೆಯ ಆಸ್ತಿ ವರ್ಷವಿಡೀ ಉಳಿದವರು, ಅದರಲ್ಲಿ ನೂರಕ್ಕೆ ಎರಡೂವರೆ ತೆಗೆದಿಡಬೇಕು. ಅದು ಯಾರಿಗೆ ಸೇರಬೇಕು ಅನ್ನುವುದಕ್ಕೆ ಕುರಾನ್‌ನಲ್ಲಿ ಎಂಟು ಬಗೆಯ ಜನರನ್ನು ಹೇಳಿದೆ. ನಮ್ಮ ಮಸೀದಿಯ ಇಮಾಮ್ ಸಾಹೇಬರು ಹನಫಿ ಪಂಥದ ರೀತಿಯಲ್ಲಿ ಬಿಡಿಸಿ ಹೇಳಿದರು. ಜಕಾತ್ ಹಣ ಅರ್ಹ ಬಡವರ ಕೈಗೇ ಸೇರಬೇಕು, ಅವರದೇ ಸ್ವಂತ ಆಗಬೇಕು. ಅದರಿಂದ ಬಾವರ್ಚಿ ಕೂಲಿ, ಪೆಟ್ರೋಲ್, ಡಬ್ಬಿಯ ಬೆಲೆ ಕೊಡುವ ಹಾಗಿಲ್ಲ. ಯಾರು ಬಂದರೂ ಕೊಡುವ ಊಟಕ್ಕೆ ಸದಕಾ, ಅಂದರೆ ಇಷ್ಟಪಟ್ಟು ಕೊಡುವ ದಾನದ ಹಣವೇ ಆಗಬೇಕು, ಅದನ್ನು ಯಾವ ಧರ್ಮದವರಿಗೆ ಬೇಕಾದರೂ ಕೊಡಬಹುದು.

ಆವತ್ತಿನಿಂದ ನನ್ನ ಹತ್ತಿರ ಎರಡು ನೋಟ್‌ಬುಕ್. ಹಸಿರು ರಟ್ಟಿನದು ಜಕಾತ್, ಕೆಂಪು ರಟ್ಟಿನದು ಸದಕಾ. ಫೋನ್‌ಪೇನಲ್ಲಿ ದುಡ್ಡು ಬಂದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ, "ಭಾಯ್, ಹಸಿರೋ ಕೆಂಪೋ?" ಈಗ ಕೊಡುವವರೂ ಹಾಗೇ ಹೇಳುತ್ತಾರೆ. ಈ ಕೆಲಸ ಶುರು ಮಾಡುವವರು ಯಾರಾದರೂ ಕೇಳಿದರೆ, ದೇಗ್ ಬಾಡಿಗೆಗೆ ತರುವ ಮೊದಲು ಎರಡು ನೋಟ್‌ಬುಕ್ ತನ್ನಿ ಅನ್ನುತ್ತೇನೆ.

2020ರಲ್ಲಿ ರಂಜಾನ್ ಪೂರ್ತಿ ಲಾಕ್‌ಡೌನ್. ಮಸೀದಿಗೆ ಬೀಗ, ತರಾವೀಹ್ ಮನೆಯಲ್ಲೇ. ಆಸ್ಪತ್ರೆ ಊಟ ನಿಂತುಹೋಗಿ, ಹಸಿರು ನೋಟ್‌ಬುಕ್ಕಿನ ಹಣದಲ್ಲಿ ರೇಷನ್ ಕಿಟ್ ಹಂಚಿದೆವು. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಶಾವಿಗೆ, ಖರ್ಜೂರ. ಊದುಬತ್ತಿ ರೋಲ್ ಮಾಡುವ ಒಬ್ಬ ಅಕ್ಕನ ಮನೆಗೆ ಕಿಟ್ ಹೊತ್ತುಕೊಂಡು ಹೋದೆ. ಬಾಗಿಲ ಪಕ್ಕ ಆಗಲೇ ಎರಡು ಮೂಟೆ ಅಕ್ಕಿ. ಒಂದು ಸರ್ಕಾರದ್ದು, ಇನ್ನೊಂದು ನಮ್ಮಂಥ ಬೇರೆ ಯಾರೋ ಕೊಟ್ಟದ್ದು. "ಅಕ್ಕಿ ಇದೆ ಅಣ್ಣ. ಗ್ಯಾಸ್ ಖಾಲಿಯಾಗಿ ನಾಲ್ಕು ದಿನ ಆಯ್ತು" ಅಂದರು. ಶಾವಿಗೆ ಪ್ಯಾಕೆಟ್ಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮತ್ತೆ ಅದೇ ಸಮೋಸದ ಕತೆ! ನಮಗೆ ಕೊಡಲು ಸುಲಭವಾದದ್ದನ್ನು ಕೊಡುತ್ತಿದ್ದೆವು.

ಈಗ ಕಿಟ್ ಕಟ್ಟುವುದನ್ನು ಬಹುಪಾಲು ಬಿಟ್ಟಿದ್ದೇವೆ. ರಂಜಾನ್‌ಗೆ ಹದಿನೈದು ದಿನ ಮುಂಚೆ ತಂಗಿ ಮತ್ತು ಅವಳ ಗೆಳತಿಯರು ಮನೆಮನೆಗೆ ಹೋಗಿ ಕೂತು ಮಾತಾಡಿ ಬರುತ್ತಾರೆ. ಬಾಡಿಗೆ ಬಾಕಿ, ಬಿ.ಪಿ. ಮಾತ್ರೆ, ಹೊಲಿಗೆ ಮಿಷನ್ ರಿಪೇರಿ, ಹೀಗೆ ಬರುತ್ತದೆ ಪಟ್ಟಿ. ಹಣವನ್ನು ಲಕೋಟೆಯಲ್ಲಿ ಹಾಕಿ ಹತ್ತನೇ ರೋಜಾದೊಳಗೆ ಮುಟ್ಟಿಸುತ್ತೇವೆ. ಇದಕ್ಕೂ ಕಾರಣ ಇದೆ. ಮೊದಲೆಲ್ಲ ಬಹಳ ಪವಿತ್ರ ಅನ್ನುವ ಇಪ್ಪತ್ತೇಳನೇ ರಾತ್ರಿ ಕೊಟ್ಟು ಪುಣ್ಯ ಬಂತು ಅಂದುಕೊಳ್ಳುತ್ತಿದ್ದೆವು. ಆದರೆ ಹದಿನೈದನೇ ರೋಜಾ ದಾಟಿದರೆ ನಮ್ಮ ಕಡೆ ಟೈಲರ್‌ಗಳು ಬಟ್ಟೆ ಮುಟ್ಟುವುದಿಲ್ಲ. ದುಡ್ಡಿದ್ದರೂ ಮಕ್ಕಳು ಹಳೇ ಬಟ್ಟೆಯಲ್ಲೇ ಈದ್‌ಗಾಹ್‌ಗೆ ಹೋಗಬೇಕಾಗುತ್ತಿತ್ತು. ಫಿತ್ರಾ, ಅಂದರೆ ಈದ್ ಹಬ್ಬದ ದಾನದ ಹಣವೂ ಅಷ್ಟೇ. ಈದ್ ನಮಾಜಿಗೆ ಮುಂಚೆ ತಲುಪಬೇಕು ಅನ್ನುವುದು ಕಡೇ ಗಡುವು ಮಾತ್ರ, ಅಲ್ಲಿಯವರೆಗೆ ಕಾಯಬೇಕು ಅಂತೇನಿಲ್ಲ.

ಫೋಟೋ ಬಗ್ಗೆ ಒಂದು ಮಾತು. ಒಂದು ವರ್ಷ ನಮ್ಮವನೊಬ್ಬ ಕಿಟ್ ಕೊಡುವ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ. ಅದರಲ್ಲಿದ್ದ ಹೆಂಗಸಿನ ಮಗಳಿಗೆ ಆಗ ಗಂಡು ನೋಡುತ್ತಿದ್ದರು. ಫೋಟೋ ಸುತ್ತಿ ಸುತ್ತಿ ಗಂಡಿನ ಮನೆಯವರ ಫೋನಿಗೂ ಹೋಯಿತು. ಆ ತಾಯಿ ನಮ್ಮ ಮನೆಗೆ ಬಂದು ಕಿಟ್ಟಿನ ಬ್ಯಾಗನ್ನು ಹಾಗೇ ಬಾಗಿಲಲ್ಲಿ ಇಟ್ಟು ಹೋದರು. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಮುಖ ಬಿಡಿ, ಕೈ ಫೋಟೋ ಕೂಡ ಇಲ್ಲ. ಪುರಾವೆ ಕೇಳುವವರಿಗೆ ದೇಗಿನ ಫೋಟೋ, ನೋಟ್‌ಬುಕ್ಕಿನ ಫೋಟೋ ಕಳಿಸುತ್ತೇನೆ. ಸಾಲದು ಅಂದ ಇಬ್ಬರು ದುಡ್ಡು ಕೊಡುವುದನ್ನೇ ನಿಲ್ಲಿಸಿದರು. ನಿಲ್ಲಿಸಲಿ.

ನಿದ್ದೆಯದ್ದೇ ದೊಡ್ಡ ಕಷ್ಟ. ಎಲ್ಲರಿಗೂ ಹಗಲು ಕೆಲಸ ಇದೆ, ಜೊತೆಗೆ ರೋಜಾ. ನನ್ನದು ಹಾರ್ಡ್‌ವೇರ್ ಅಂಗಡಿ, ಮಧ್ಯಾಹ್ನ ಗಲ್ಲಾದ ಮೇಲೇ ತಲೆ ಇಟ್ಟು ಮಲಗಿ ಗಿರಾಕಿಗಳಿಂದ ಎಬ್ಬಿಸಿಕೊಂಡಿದ್ದೇನೆ. ಹಾಗಾಗಿ ಒಬ್ಬರಿಗೆ ವಾರಕ್ಕೆ ಮೂರೇ ರಾತ್ರಿ ಅಂತ ನಿಯಮ ಮಾಡಿದೆವು. ಕೊನೆಯ ಹತ್ತು ರಾತ್ರಿ ಅದೂ ಮುರಿದು ಬೀಳುತ್ತದೆ. ಹುಡುಗರಿಗೆ ಮಸೀದಿಯಲ್ಲಿ ಇರಬೇಕು ಅನ್ನಿಸುತ್ತದೆ, ಅದು ಸಹಜ. ಆಗ ನಮ್ಮ ಬೀದಿಯ ಆಟೋ ಓಡಿಸುವ ಗೆಳೆಯ ಮತ್ತು ಅವನ ತಮ್ಮ ಡಬ್ಬಿ ಸಾಗಿಸುತ್ತಾರೆ. ರಾಮನವಮಿಗೆ ಅವರು ಪಾನಕ ಹಂಚುವಾಗ ಬೆಲ್ಲ ಕುಟ್ಟುವುದಕ್ಕೆ ನಾನು ಹೋಗುತ್ತೇನೆ. ಲೆಕ್ಕ ಚುಕ್ತಾ.

ಒಂದು ಎಚ್ಚರಿಕೆ ಇದೆ. ಬೇರೆಯವರಿಗೆ ಸಹರಿ ಕೊಡುವ ಗಡಿಬಿಡಿಯಲ್ಲಿ ನಮ್ಮದೇ ತಪ್ಪಿಹೋಗುತ್ತದೆ. ಮಾರ್ಚ್ ನಡುವೆ ಬೆಂಗಳೂರಿನಲ್ಲಿ ಸಹರಿ ಮುಗಿಯುವುದು ಐದೂಕಾಲಿನ ಹೊತ್ತಿಗೆ. ಐದು ಗಂಟೆಗೆ ಸ್ಕೂಟರ್ ಸೀಟಿನ ಮೇಲೆ ಡಬ್ಬಿ ಇಟ್ಟುಕೊಂಡು ಗಬಗಬ ತಿಂದ ದಿನಗಳು ಎಷ್ಟೋ. ಈಗ ಹೊರಡುವ ಮೊದಲೇ ಎಲ್ಲರೂ ತಿಂದು ಹೊರಡಬೇಕು.

ಕೊನೆಯ ತಲೆನೋವು ಇಪ್ಪತ್ತೊಂಬತ್ತನೇ ರೋಜಾ. ಚಂದ್ರ ಕಂಡರೆ ನಾಳೆ ಹಬ್ಬ, ಕಾಣದಿದ್ದರೆ ಇನ್ನೊಂದು ರೋಜಾ. ಗೊತ್ತಾಗುವುದು ಸಂಜೆ ಕತ್ತಲಾದ ಮೇಲೆ. ಅಷ್ಟರಲ್ಲಿ ತರಕಾರಿ ಕತ್ತರಿಸಿ ಆಗಿರಬೇಕು. 2024ರಲ್ಲಿ ಮೂವತ್ತು ಪೂರ್ತಿ ಆಗಿತ್ತು. ಆ ಧೈರ್ಯದಲ್ಲಿ 2025ರ ಮಾರ್ಚ್ 30ರಂದು ಮೂರು ಬುಟ್ಟಿ ಸೋರೆಕಾಯಿ ಹೆಚ್ಚಿಸಿ, ಬೇಳೆ ನೆನೆಹಾಕಿಸಿದ್ದೆ. ಸಂಜೆಯ ಮಗ್ರಿಬ್ ನಮಾಜು ಆಗಿ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಪಟಾಕಿ ಶುರು. ಚಂದ್ರ ಕಂಡಿತ್ತು. ಬಾವರ್ಚಿ ಸೌಟು ಹಿಡಿದು ನನ್ನ ಮುಖ ನೋಡಿದರು.

ಒಲೆ ಹಚ್ಚಿ ಅಂದೆ. ಹತ್ತು ಗಂಟೆಗೆ ಡಬ್ಬಿ ಹೊತ್ತು ಗೇಟಿಗೆ ಹೋದರೆ ವಾಚ್‌ಮನ್ ಗಡಿಯಾರ ನೋಡಿ, "ಏನ್ ಭಾಯ್, ಇವತ್ತು ಇಷ್ಟು ಬೇಗ?" ಅಂದ. "ನಾಳೆ ಹಬ್ಬ ಕಣಯ್ಯ" ಅಂದೆ. ಅವನು ತನ್ನ ಡಬ್ಬಿ ತೆಗೆದುಕೊಂಡು, ಬಿಚ್ಚಿ, ಒಂದು ತುತ್ತು ತಿಂದು ನೋಡಿ ಕೇಳಿದ, "ಹಬ್ಬ ಅಂದಮೇಲೆ ಇವತ್ತಾದರೂ ಸರಿಯಾಗಿ ಉಪ್ಪು ಹಾಕಬಾರದಿತ್ತಾ?"