ಅರ್ಧಕ್ಕೆ ನಿಲ್ಲಿಸಿ ಓದಿದೆ, ಎರಡೂ ಪುಸ್ತಕ ಮನಸ್ಸಲ್ಲಿ ನಿಂತವು

ಕಾದಂಬರಿಯನ್ನು ಅರ್ಧಕ್ಕೆ ಮಡಚಿಟ್ಟು ಆತ್ಮಕಥೆ ಹಿಡಿಯುತ್ತೇನೆ ಅಂದಾಗ ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಓದುಗ ಗೆಳೆಯರು ಯಾರೂ ಒಪ್ಪಲಿಲ್ಲ. "ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗ್ತದೆ ಮಾರಾಯ" ಅಂದರು ಮಾಷ್ಟ್ರು. ಈ ಮಳೆಗಾಲದಲ್ಲಿ ಹಾಗೇ ನಾಲ್ಕು ಪುಸ್ತಕ ಮುಗಿಸಿದೆ. ನಾಲ್ಕೂ ಚೆನ್ನಾಗಿ ನೆನಪಿವೆ.

ಹಿಂದೆ ವರ್ಷಕ್ಕೆ 50 ಪುಸ್ತಕ ಓದ್ತೇನೆ ಅಂತ ಹೊರಟಿದ್ದೆ. ಮಂಗಳೂರಿಗೆ ಹೋದಾಗಲೆಲ್ಲ ಚೀಲ ತುಂಬಿಸಿ ತಂದೆ. ಹತ್ತಿರ ಹತ್ತಿರ 7,000 ರೂಪಾಯಿ ಹೋಯಿತು. ಓದಿದ್ದು 30 ಇರಬಹುದು. ಮೂರು ತಿಂಗಳಲ್ಲಿ ಹೆಸರು ಬಿಟ್ಟು ಎಲ್ಲ ಮರೆತುಹೋಯಿತು. ಓದದೆ ಇಟ್ಟವಕ್ಕೆ ಆಟಿ ತಿಂಗಳ ಮಳೆಯಲ್ಲಿ ಬೂಷ್ಟು ಹಿಡಿಯಿತು.

ಕಾದಂಬರಿ-ಆತ್ಮಕಥೆಯ ಮೊದಲ ಜೋಡಿಯೂ ಶುರುವಿನಲ್ಲಿ ಕೆಟ್ಟಿತು. ನಿರಂಜನರ ಕಾದಂಬರಿ 'ಚಿರಸ್ಮರಣೆ'ಯನ್ನು ಪೂರ್ತಿ ಓದಿ, ಆಮೇಲೆ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ 'ದುಡಿತವೇ ನನ್ನ ದೇವರು' ತೆಗೆದೆ. ಕಾದಂಬರಿಯಲ್ಲಿ ಬರುವ ಕಾಸರಗೋಡು ಕಡೆಯ ಕಯ್ಯೂರಿನ ರೈತರು, 1943ರಲ್ಲಿ ಕಣ್ಣೂರು ಜೈಲಿನಲ್ಲಿ ಅವರಲ್ಲಿ ನಾಲ್ವರಿಗೆ ಗಲ್ಲು, ಇದೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗ ಬೇರೆ ಯಾವ ಬದುಕೂ ಸಪ್ಪೆಯೇ. 20 ಪುಟಕ್ಕೆ ಬಿಟ್ಟೆ. ಮರುವಾರ ಕಾದಂಬರಿಯನ್ನು ಮತ್ತೆ ಶುರುಮಾಡಿ ನಡುವಿನಲ್ಲೇ ನಿಲ್ಲಿಸಿದೆ, ಅಡಿಕೆ ಮೂಟೆ ಹೊಲಿಯುವ ನೂಲನ್ನು ಪುಟದ ನಡುವೆ ಇಟ್ಟು. ಆಗ ಕಯ್ಯಾರರ ಪುಸ್ತಕ ಸರಸರ ಸಾಗಿತು. ಒಂದೇ ನೆಲದಲ್ಲಿ ಎರಡು ಹೋರಾಟ. ಒಂದು ಕಡೆ ಗೇಣಿದಾರರ ಅನ್ನದ್ದು, ಇನ್ನೊಂದು ಕಡೆ 1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡದ್ದು. ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಉಂಟು. ಅದನ್ನು ಸದ್ಯಕ್ಕೆ ಯಾರಿಗೂ ಹೇಳುವುದಿಲ್ಲ.

ನಡುವೆ ಬಸ್ಸು ಬದಲಿಸುತ್ತ ಕಯ್ಯೂರಿಗೂ ಹೋಗಿಬಂದೆ. ಊಟ ಸೇರಿ 300 ರೂಪಾಯಿ ಆಗಿರಬೇಕು. 1941ರಲ್ಲಿ ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಪೊಲೀಸಿನವನು ಹಾರಿ ಸತ್ತ ಹೊಳೆಯನ್ನು ನೋಡಿದ ಮೇಲೆ ಆ ಪುಟಗಳನ್ನು ಬೇಗ ಬೇಗ ಓದಲು ಆಗಲೇ ಇಲ್ಲ. 'ಚಿರಸ್ಮರಣೆ'ಯ ಮಲಯಾಳಂ ಅನುವಾದವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದು ಬೇಡ, ಗಮನ ಭಾಷೆಗೇ ಹೋಗ್ತದೆ.

ನಿಜವಾಗಿ ಗೆದ್ದದ್ದು ಸಾರಾ ಅಬೂಬಕ್ಕರರ ಜೋಡಿಯಲ್ಲಿ. ಅವರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ' ಓದುತ್ತ ನಾಯಕಿ ನಾದಿರಾಳ ತಲಾಖಿಗೆ ಅವಳ ಅಪ್ಪನೇ ಕಾರಣನಾಗುವ ಕಡೆ ನಿಲ್ಲಿಸಿದೆ. ಸಿಟ್ಟಿನಿಂದ ಕೈ ನಡುಗುತ್ತಿತ್ತು. ಅದೇ ಸಿಟ್ಟಿನಲ್ಲಿ ಅವರ ಆತ್ಮಕಥೆ 'ಹೊತ್ತು ಕಂತುವ ಮುನ್ನ' ಬಿಡಿಸಿದೆ. ಅಲ್ಲಿರುವ ಅಪ್ಪ ವಕೀಲರು, ಮಗಳನ್ನು ಶಾಲೆಗೆ ಕಳಿಸಿದವರು! ಇಂಥ ಅಪ್ಪನ ಮಗಳು ಅಂಥ ಅಪ್ಪನನ್ನು ಬರೆದರಲ್ಲ, ಅಕ್ಕಪಕ್ಕದ ಮನೆಗಳಲ್ಲಿ ಏನೇನು ಕಂಡಿದ್ದರೋ ಅನ್ನಿಸಿತು. ಸುಮ್ನೆ ಒಂದರ ನಂತರ ಒಂದು ಓದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ.

ಮೊನ್ನೆ ಮಾಷ್ಟ್ರು ಬಂದು ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಹೋದರು. ನೂಲು ಮಾತ್ರ ಇದ್ದಲ್ಲೇ ಇರಲಿ ಅಂತ ಹೇಳಿ ಕೊಟ್ಟಿದ್ದೇನೆ.