ನಗುವಿನಲ್ಲಿ ಮುಳುಗಿಹೋದ ಒಂದು ಸಾಲು

ಕಳೆದ ತಿಂಗಳು ಧಾರವಾಡದ ಸೃಜನಾ ರಂಗಮಂದಿರದಲ್ಲಿ ನಮ್ಮ ನಾಟಕದ ಹತ್ತೊಂಬತ್ತನೆಯ ಪ್ರಯೋಗ ಮುಗಿಯಿತು. ಹಿರಿಯ ನಟರೊಬ್ಬರು ನೇರವಾಗಿ ವೇದಿಕೆಯ ಪಕ್ಕದ ವಿಂಗಿಗೆ ಬಂದು, "ಎರಡನೆಯ ಅಂಕವನ್ನು ಯಾರಿಂದ ಬರೆಸಿದಿರಿ?" ಎಂದು ಕೇಳಿದರು. ಎರಡು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಇದೇ ನಾಟಕದ ಮೊದಲ ಪ್ರಯೋಗ ನೋಡಿ, "ಎರಡನೆಯ ಅಂಕಕ್ಕೆ ಜೀವವಿಲ್ಲ, ಕೈಬಿಡಿ" ಎಂದವರೂ ಅವರೇ. ಕೊನೆಯ ದೃಶ್ಯವೊಂದನ್ನು ಬಿಟ್ಟರೆ ನಿರ್ದೇಶಕನಾದ ನಾನು ಎರಡನೆಯ ಅಂಕದ ಒಂದಕ್ಷರವನ್ನೂ ಮುಟ್ಟಿಲ್ಲ. ಮುಖ್ಯವಾಗಿ ಮುಟ್ಟಿದ್ದು ಮೊದಲ ಅಂಕದ ಒಂದು ಜಾಗವನ್ನು. ಪ್ರೇಕ್ಷಕರ ನಗುವನ್ನು ಮುದ್ರಿಸಿಕೊಂಡು ಕೇಳಿ ಆ ಜಾಗವನ್ನು ಹೇಗೆ ಕಂಡುಕೊಂಡೆ ಎಂದು ಬರೆಯುತ್ತಿದ್ದೇನೆ. "ನಗುವನ್ನು ತಕ್ಕಡಿಯಲ್ಲಿ ಹಾಕಿ ತೂಗುತ್ತಾನಂತೆ" ಎಂದು ಆಡಿಕೊಂಡವರೇ ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ.

ಕಥೆ ಎಲ್ಲರ ಮನೆಯದು. ಎರಡು ಕೋಣೆಯ ಮನೆಗೆ "ಎರಡು ದಿನದ ಕೆಲಸವಿದೆ" ಎಂದು ಹೇಳಿಕೊಂಡು ಚಿಕ್ಕಪ್ಪ ಬರುತ್ತಾನೆ, ಬಂದವನು ಹೋಗುವುದಿಲ್ಲ. ಗಂಡನಿಗೆ "ಹೋಗಿ" ಎನ್ನಲು ಬಾಯಿ ಬರುವುದಿಲ್ಲ. ಹೆಂಡತಿ ಅಡುಗೆಮನೆಯ ಪಾತ್ರೆಗಳ ಸದ್ದಿನಲ್ಲೇ ಮಾತಾಡುತ್ತಾಳೆ. ಕರೆಯದೆ ಬರುವವನಿಗೆ ಕೆರದಿಂದ ಹೊಡೆಯಲು ಸರ್ವಜ್ಞ ಹೇಳಿದ. ಅತಿಥಿಯನ್ನು ದೇವರೆಂದು ತಿಳಿ ಎಂದು ಉಪನಿಷತ್ತು ಹೇಳಿತು. ಈ ಎರಡರ ನಡುವೆ ಸಿಕ್ಕಿಕೊಂಡ ಗಂಡ ಹೆಂಡಿರೇ ನಮ್ಮ ನಾಟಕ.

ಮೊದಲ ಪ್ರಯೋಗದ ಲೆಕ್ಕ ಹೇಳಿಬಿಡುತ್ತೇನೆ. ಮಂದಿರದ ಬಾಡಿಗೆ, ಬೆಳಕು, ಧ್ವನಿ, ಪ್ರಸಾಧನ, ರಂಗಸಜ್ಜಿಕೆ ಹೊತ್ತ ಟೆಂಪೋ, ಹದಿನಾಲ್ಕು ಜನರ ಊಟ ಎಲ್ಲ ಸೇರಿ ಅರವತ್ತು ಸಾವಿರದ ಮೇಲಾಯಿತು. ಕುವೆಂಪು ರಂಗಮಂದಿರದಲ್ಲಿ ಅಂದು ಇದ್ದವರು ನೂರಾ ಮೂವತ್ತು ಜನ, ಅವರಲ್ಲಿ ಅರ್ಧದಷ್ಟು ಪಾಸಿನವರು. ಕೈಗೆ ಬಂದದ್ದು ಏಳು ಸಾವಿರದ ಹತ್ತಿರ. ಅದಕ್ಕೆ ಹಿಂದಿನ ಎರಡು ನಾಟಕಗಳ ನಷ್ಟವೇ ಒಂದು ಲಕ್ಷ ದಾಟಿತ್ತು. ಮೊದಲ ಅಂಕದಲ್ಲಿ ಜನ ಬಿದ್ದು ಬಿದ್ದು ನಕ್ಕರು. ವಿರಾಮ ಮುಗಿದು ಪರದೆ ಎದ್ದ ಮೇಲೆ ಅದೇ ಜನ ಸುಮ್ಮನೆ ಕುಳಿತುಬಿಟ್ಟರು. ಏಕೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ನಾಟಕಕಾರ ನಟರನ್ನು ದೂರಿದ, ನಟರು ನಾಟಕಕಾರನನ್ನು ದೂರಿದರು. ವಿರಾಮವೇ ಬೇಡವಿತ್ತು ಎಂದ ಬೆಳಕಿನವನ ಮಾತು ಕೇಳಿ ಮುಂದಿನ ಪ್ರಯೋಗದಲ್ಲಿ ವಿರಾಮವನ್ನು ತೆಗೆದೆ. ಏನೂ ವ್ಯತ್ಯಾಸವಾಗಲಿಲ್ಲ, ಚಹಾ ಮಾರುವವನ ವ್ಯಾಪಾರ ಹೋಯಿತು ಅಷ್ಟೆ.

ಪ್ರೇಕ್ಷಕರನ್ನೇ ಕೇಳೋಣವೆಂದು ಅಭಿಪ್ರಾಯ ಪತ್ರ ಅಚ್ಚು ಹಾಕಿಸಿದೆ. ಇನ್ನೂರು ಪ್ರತಿ, ಜೊತೆಗೆ ಇನ್ನೂರು ಪೆನ್ನು. ಮರಳಿ ಬಂದ ಐವತ್ತರಷ್ಟು ಪತ್ರಗಳಲ್ಲಿ "ತುಂಬಾ ಚೆನ್ನಾಗಿದೆ", "ಹೀಗೇ ಮುಂದುವರಿಯಿರಿ", ಒಂದರಲ್ಲಿ "ಮೈಕು ಸರಿಯಿಲ್ಲ". ನಮ್ಮ ಜನ ಬರವಣಿಗೆಯಲ್ಲಿ ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಚಿಕ್ಕಪ್ಪನಿಗೆ "ಹೋಗಿ" ಎನ್ನಲಾಗದ ಗಂಡನೂ ಅವರೇ ಅಲ್ಲವೇ! ಆಮೇಲೆ ರಂಗಭೂಮಿಯ ಗೆಳೆಯರನ್ನು ಕೂರಿಸಿ ಒಂದು ಗ್ರ್ಯಾಂಡ್ ರಿಹರ್ಸಲ್ ತೋರಿಸಿದೆ. ಅವರು ನಕ್ಕಿದ್ದೆಲ್ಲ ಪ್ರೀತಿಯಿಂದ, ನಟನ ಮುಖ ಗುರುತಿದ್ದದ್ದರಿಂದ. ಅಂಥ ನಗುವನ್ನು ನಂಬಿ ತಿದ್ದಿದರೆ ನಾಟಕ ಕೆಡುತ್ತದೆ. ಕೆಡಿಸಿಕೊಂಡೂ ನೋಡಿದ್ದೇನೆ, ಮೂರನೆಯ ಪ್ರಯೋಗ ಅತ್ಯಂತ ಕಳಪೆಯಾದದ್ದು ಅದರಿಂದಲೇ.

ಸಭೆಯ ಸದ್ದನ್ನು ಮುದ್ರಿಸಿಕೊಳ್ಳಬೇಕು ಎಂದು ಹೊಳೆದದ್ದು ಆಗ. ನಾಟಕದ ಮುದ್ರಣವಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ಕುಳಿತ ಜನರ ಸದ್ದು ಮಾತ್ರ. ಮೊದಲು ನನ್ನ ಮೊಬೈಲನ್ನೇ ವೇದಿಕೆಯ ಅಂಚಿನಲ್ಲಿಟ್ಟೆ. ಹಲಗೆಯ ಮೇಲಿನ ಹೆಜ್ಜೆಯ ಸದ್ದು ಬಿಟ್ಟರೆ ಏನೂ ಸಿಗಲಿಲ್ಲ. ಇನ್ನೊಮ್ಮೆ ಗೋಡೆಯ ಫ್ಯಾನಿನ ಕೆಳಗಿಟ್ಟೆ, ಎರಡು ಗಂಟೆ ಗಾಳಿಯ ಸದ್ದು. ಕೊನೆಗೆ ಆರೂವರೆ ಸಾವಿರ ಕೊಟ್ಟು ಅಂಗೈಯಗಲದ ಒಂದು ರೆಕಾರ್ಡರ್ ಕೊಂಡೆ, ಇನ್ನೊಂದನ್ನು ಗೆಳೆಯನಿಂದ ಎರವಲು ತಂದೆ. ಒಂದು ಮುಂದಿನ ಸಾಲುಗಳಿಗೆ, ಇನ್ನೊಂದು ಹಿಂದಿನ ಸಾಲುಗಳಿಗೆ. ಸರಿಯಾಗಿ ಎಲ್ಲಿಡುತ್ತೇನೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ನಾಲ್ಕು ಪ್ರಯೋಗ ಹಿಡಿದಿದೆ. ತಂಡದ ಉಪಯೋಗಕ್ಕಾಗಿ ಧ್ವನಿ ಮುದ್ರಿಸುತ್ತಿದ್ದೇವೆ ಎಂಬ ಫಲಕವನ್ನು ಬಾಗಿಲಿಗೆ ತೂಗುಹಾಕುತ್ತೇವೆ. ಇದುವರೆಗೆ ಯಾರೂ ಬೇಡವೆಂದಿಲ್ಲ.

ಮರುದಿನ ಬೆಳಿಗ್ಗೆ ಪ್ರಾಂಪ್ಟರ್ ಪ್ರತಿಯನ್ನು, ಎಂದರೆ ನಟರಿಗೆ ಮಾತು ನೆನಪಿಸುವವನ ಕೈಯಲ್ಲಿರುವ ನಾಟಕದ ಪ್ರತಿಯನ್ನು, ಮುಂದಿಟ್ಟುಕೊಂಡು ಕೇಳುತ್ತಾ ಪೆನ್ಸಿಲಿನಿಂದ ಗುರುತು ಹಾಕಬೇಕು. ಗುರುತಿಗೆ ಹೆಸರು ಹುಡುಕುತ್ತಿದ್ದಾಗ ಭರತನ ನಾಟ್ಯಶಾಸ್ತ್ರದ ಸಿದ್ಧಿಯ ಅಧ್ಯಾಯ ನೆನಪಾಯಿತು. ಪ್ರಯೋಗ ಗೆದ್ದಿತೋ ಸೋತಿತೋ ಎಂದು ಪ್ರೇಕ್ಷಕರಿಂದಲೇ ತಿಳಿಯುವ ಬಗೆಯನ್ನು ಅಲ್ಲಿ ಹೇಳಿದೆ. ಸ್ಮಿತ (ಮುಗುಳ್ನಗು), ಅರ್ಧಹಾಸ (ಅರೆನಗು), ಅತಿಹಾಸ (ದೊಡ್ಡ ನಗು) ಎಂದು ನಗುವಿನ ಮೆಟ್ಟಿಲುಗಳೂ ಇವೆ. ಆ ಮೂರನ್ನೇ ಎತ್ತಿಕೊಂಡೆ. ಸ್ಮಿತ ರೆಕಾರ್ಡರಿಗೆ ಕೇಳಿಸುವುದಿಲ್ಲ. ಅದಕ್ಕೆ ಪಕ್ಕದ ಸಾಲಿನಲ್ಲಿ ಕಣ್ಣಿಟ್ಟು ಕೂರುವ ಒಬ್ಬ ಹುಡುಗಿ ಬೇಕು, ನಮ್ಮ ತಂಡದಲ್ಲಿ ಅಂಥವಳೊಬ್ಬಳಿದ್ದಾಳೆ. ಎರಡು ಸೆಕೆಂಡಿನೊಳಗೆ ಮುಗಿದರೆ ಅರ್ಧಹಾಸ, ಮೀರಿದರೆ ಅತಿಹಾಸ. ಇವುಗಳ ಜೊತೆಗೆ ನಾನೇ ಸೇರಿಸಿದ್ದು ಕೆಮ್ಮು. ಕೆಮ್ಮಿನಷ್ಟು ನಿಷ್ಠುರ ವಿಮರ್ಶಕ ಬೇರೊಬ್ಬನಿಲ್ಲ. ಕಥೆ ಹಿಡಿದಿಟ್ಟಾಗ ಯಾರೂ ಕೆಮ್ಮುವುದಿಲ್ಲ. ಹಿಡಿತ ತಪ್ಪಿದ ಅರ್ಧ ನಿಮಿಷದೊಳಗೆ ಒಬ್ಬರು ಕೆಮ್ಮುತ್ತಾರೆ, ಅವರ ಹಿಂದೆಯೇ ನಾಲ್ವರು.

ಹೀಗೆ ಒಂದು ಪ್ರಯೋಗದ ಮುದ್ರಣ ಕೇಳುತ್ತಿದ್ದಾಗ ಗುಟ್ಟು ಬಯಲಾಯಿತು. ಮೊದಲ ಅಂಕದ ನಡುವೆ ಚಿಕ್ಕಪ್ಪ ತನ್ನ ಟ್ರಂಕನ್ನು ಬಿಚ್ಚುತ್ತಾನೆ. ಒಳಗಿನಿಂದ ಬನಿಯನ್ನು, ಪಂಚಾಂಗ, ಆಮೇಲೆ ಗೋಡೆ ಗಡಿಯಾರ. ಆ ಗಡಿಯಾರವನ್ನು ಅವನು ಮನೆಯ ಮೊಳೆಗೆ ತೂಗುಹಾಕುತ್ತಿದ್ದಂತೆ ಸಭೆ ಸ್ಫೋಟಿಸುತ್ತದೆ, ಹನ್ನೊಂದು ಸೆಕೆಂಡ್ ಅತಿಹಾಸ. ಇಡೀ ನಾಟಕದಲ್ಲೇ ದೊಡ್ಡ ನಗು, ನಮಗೆಲ್ಲ ಹೆಮ್ಮೆ. ಆ ನಗುವಿನ ಕೆಳಗೆ, ಕಿವಿಗೊಟ್ಟರೆ ಮಾತ್ರ ಕೇಳುವಂತೆ, ನಟ ಮುಂದಿನ ಸಾಲು ಹೇಳುತ್ತಿದ್ದಾನೆ: "ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದಿದ್ದೇನೆ ಕಣಪ್ಪ."

ಎರಡನೆಯ ಅಂಕ ನಿಂತಿರುವುದೇ ಆ ಸಾಲಿನ ಮೇಲೆ. ಅವನಿಗೆ ಹೋಗಲು ಮನೆಯಿಲ್ಲ ಎಂದು ಗೊತ್ತಿದ್ದರೆ ಮಾತ್ರ ಬಸ್ ಟಿಕೆಟ್ ತಂದುಕೊಡುವ ದೃಶ್ಯ, ಸುಳ್ಳು ಟೆಲಿಗ್ರಾಂ ದೃಶ್ಯ, ಎಲ್ಲವೂ ನಗು ತರುತ್ತವೆ. ಅದು ಗೊತ್ತಿಲ್ಲದವರಿಗೆ ಅವನೊಬ್ಬ ದಪ್ಪ ಚರ್ಮದ ಮುದುಕ ಅಷ್ಟೆ. ಹಿಂದಿನ ಎರಡು ಮುದ್ರಣಗಳನ್ನು ತೆಗೆದು ಕೇಳಿದೆ. ಎರಡರಲ್ಲೂ ಆ ಸಾಲು ಮುಳುಗಿತ್ತು. ನಾವೆಲ್ಲ ಅದನ್ನು ಬಾಯಿಪಾಠ ಬಲ್ಲವರು, ಆದ್ದರಿಂದ ಕೇಳಿಸದಿದ್ದರೂ ನಮಗೆ ಕೇಳಿಸುತ್ತಿತ್ತು!

ಮೊದಲು ಗಟ್ಟಿಯಾಗಿ ಹೇಳಿಸಿದೆ. ಚಿಕ್ಕಪ್ಪ ಕಿರುಚಿದಂತಾಯಿತು, ಪಾತ್ರ ಕೆಟ್ಟಿತು. ಸಾಲನ್ನು ಎರಡು ಸಲ ಹೇಳಿಸಿದೆ, ಜನರಿಗೆ ನಟ ತಪ್ಪಿದನೆಂದು ತೋರಿತು. ನಗು ಪೂರ್ತಿ ನಿಲ್ಲುವ ತನಕ ಕಾಯಿಸಿದೆ, ಆ ಮೌನದಲ್ಲಿ ಸಾಲು ನೆಲಕ್ಕೆ ಬಿತ್ತು. ಕೊನೆಗೆ ಉತ್ತರ ಸಿಕ್ಕಿದ್ದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ಅಲ್ಲಿ ಬೀಡುಬಿಡುವ ನಾಟಕ ಕಂಪನಿಗಳ ಆಟ ನೋಡಲು ಜನವರಿಯಲ್ಲಿ ಮೂರು ರಾತ್ರಿ ಕುಳಿತಿದ್ದೆ. ಒಬ್ಬ ಹಾಸ್ಯ ಪಾತ್ರಧಾರಿ ಜನ ನಕ್ಕಾಗಲೆಲ್ಲ ಹೆಗಲ ವಸ್ತ್ರ ತೆಗೆದು ನಿಧಾನವಾಗಿ ಕತ್ತು ಒರೆಸಿಕೊಳ್ಳುತ್ತಿದ್ದ. ನಗು ಏರಿ, ಇಳಿಯತೊಡಗಿ, ಮೂರನೆಯ ಒಂದು ಭಾಗ ಉಳಿದಿದೆ ಎನ್ನುವಾಗ ಮುಂದಿನ ಮಾತು. ಒಮ್ಮೆಯೂ ತಪ್ಪಲಿಲ್ಲ. ನನ್ನ ನಟನನ್ನು ಕೂರಿಸಿ ಅವನದೇ ಮುದ್ರಣ ಕೇಳಿಸಿ ಆ ಇಳಿಜಾರನ್ನು ಅಭ್ಯಾಸ ಮಾಡಿಸಿದೆ. ಒಂದು ವಾರ, ದಿನಕ್ಕೆ ಮುಕ್ಕಾಲು ಗಂಟೆ. ಜೊತೆಗೆ ಇನ್ನೊಂದು ಕೆಲಸ ಮಾಡಿದೆ, ಅದು ನಾಟಕಕಾರನಿಗೆ ಅಳು ಬರಿಸಿತು. ಗಡಿಯಾರಕ್ಕಿಂತ ಮುಂಚೆ ಬರುತ್ತಿದ್ದ ಎರಡು ಒಳ್ಳೆಯ ಹಾಸ್ಯಗಳನ್ನು ಕಿತ್ತುಹಾಕಿದೆ. ಹನ್ನೊಂದು ಸೆಕೆಂಡಿನ ನಗು ಆರಕ್ಕೆ ಇಳಿಯಿತು, ಸಾಲು ಹಿಂದಿನ ಸಾಲಿನವರಿಗೂ ಕೇಳಿಸಿತು. ಆ ಪ್ರಯೋಗದ ಎರಡನೆಯ ಅಂಕದಲ್ಲಿ ನಲವತ್ತಕ್ಕೂ ಹೆಚ್ಚು ಗುರುತು ಹಾಕಿದೆ. ಮೊದಲು ಹನ್ನೆರಡೋ ಹದಿಮೂರೋ ಇರುತ್ತಿದ್ದವು.

ನಾಟಕ ಕಂಪನಿಗಳಲ್ಲಿ ಪಳಗಿದವರು ಇದನ್ನೆಲ್ಲ ಕಿವಿಯಲ್ಲೇ ಮಾಡುತ್ತಿದ್ದರು ಎಂದು ಯಾರಾದರೂ ಹೇಳಬಹುದು. ನಿಜ. ಅವರು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ದಿನವೂ ಆಡುತ್ತಿದ್ದರು. ನಾವು ಹವ್ಯಾಸಿಗಳು, ಎರಡು ಪ್ರಯೋಗಗಳ ನಡುವೆ ಆರು ವಾರ ಕಳೆಯುತ್ತದೆ. ಕಿವಿ ಮರೆಯುತ್ತದೆ, ರೆಕಾರ್ಡರ್ ಮರೆಯುವುದಿಲ್ಲ.

ಗುರುತು ಹಾಕುವ ಅಭ್ಯಾಸವಾದ ಮೇಲೆ ಬೇರೆ ಬೇರೆ ಪರೀಕ್ಷೆಗಳಿಗೂ ಕೈಹಾಕಿದೆ. ಮಲೆನಾಡಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದುಂಟು. ನಾಟಕದಲ್ಲಿ ದಿನ ಕಳೆದಂತೆ ತಟ್ಟೆಯ ಬೆಲ್ಲದ ಉಂಡೆ ಕಿರಿದಾಗುತ್ತಾ ಹೋಗುತ್ತದೆ: ಮೊದಲ ದಿನ ನಿಂಬೆಹಣ್ಣಿನಷ್ಟು, ಮೂರನೆಯ ದಿನ ಅಡಿಕೆಯಷ್ಟು, ಐದನೆಯ ದಿನ ಹೆಂಡತಿ ಬೆರಳಿಗಂಟಿದ ಪುಡಿಯನ್ನು ತಟ್ಟೆಗೆ ಕೊಡವುತ್ತಾಳೆ. ಶಿವಮೊಗ್ಗ, ಸಾಗರಗಳಲ್ಲಿ ಮಾತೇ ಇಲ್ಲದ ಈ ಜಾಗಕ್ಕೆ ಐದು ಸೆಕೆಂಡ್ ನಗು. ಬೆಂಗಳೂರಿನ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಅರ್ಧಹಾಸವೂ ಇಲ್ಲ. ಅಲ್ಲಿಗೆ ಮುಂದಿನ ಸಲ ಹೋದಾಗ ಬೆಲ್ಲದ ಬದಲು ಸ್ನಾನದ ಬಕೆಟ್ಟಿನ ನೀರು ಕಡಿಮೆಯಾಗುತ್ತಾ ಹೋಯಿತು. ನೀರಿನ ಟ್ಯಾಂಕರಿಗೆ ದುಡ್ಡು ಕೊಡುವ ಜನ ಉರುಳಿ ಉರುಳಿ ನಕ್ಕರು. ಧಾರವಾಡಕ್ಕೆ ಚಹಾದ ಕಪ್ಪು. ಒಂದೇ ಹಾಸ್ಯ, ಮೂರು ಊರಿಗೆ ಮೂರು ಪಾತ್ರೆ.

ಹಿರಿಯರೊಬ್ಬರ ಸಲಹೆಯಂತೆ ನಗು ಶುರುಮಾಡಲು ನಾಲ್ವರು ಹುಡುಗರನ್ನು ಸಭೆಯಲ್ಲಿ ಚದುರಿಸಿ ಕೂರಿಸಿದ್ದೂ ಉಂಟು. ಅವರು ನಕ್ಕಾಗ ಪಕ್ಕದವರು ತಿರುಗಿ ನೋಡಿದರು, ನಗಲಿಲ್ಲ. ಮುಂದೆ ಅದನ್ನು ಮಾಡಲಿಲ್ಲ. ಫಲ ಕೊಟ್ಟದ್ದು ಬೇರೆ: ದೊಡ್ಡ ಮಂದಿರದಲ್ಲಿ ಜನ ಕಡಿಮೆಯಿದ್ದರೆ ಹಿಂದಿನ ಮತ್ತು ಅಂಚಿನ ಸಾಲುಗಳಿಗೆ ಹಗ್ಗ ಕಟ್ಟಿ ಎಲ್ಲರನ್ನೂ ಹೆಗಲಿಗೆ ಹೆಗಲು ತಾಗುವಂತೆ ನಡುವೆ ಕೂರಿಸುವುದು. ಕೆಲವರು ಮುನಿಸಿಕೊಂಡರು. ಆದರೂ ನೂರಿಪ್ಪತ್ತು ಜನ ಒಟ್ಟಿಗೆ ಕುಳಿತರೆ ಮುನ್ನೂರು ಜನರ ನಗು ಬರುತ್ತದೆ. ಸಭಾಂಗಣದ ದೀಪವನ್ನು ಪೂರ್ತಿ ಆರಿಸದೆ ಒಂದಿಷ್ಟು ಉಳಿಸಿಕೊಳ್ಳುವುದೂ ನೆರವಾಗುತ್ತದೆ, ಪಕ್ಕದವರು ನಗುವುದು ಕಾಣಿಸಬೇಕು. ಎಷ್ಟು ಉಳಿಸಬೇಕು, ಯಾವ ದೃಶ್ಯದಲ್ಲಿ ಪೂರ್ತಿ ಆರಿಸಬೇಕು ಎನ್ನುವುದು ನಮ್ಮ ಬೆಳಕಿನವನ ಮತ್ತು ನನ್ನ ನಡುವಿನ ಮಾತು.

ಇನ್ನೊಂದನ್ನು ಹೇಳಲೇಬೇಕು. ತಡವಾಗಿ ಬಂದವರನ್ನು ಒಳಗೆ ಬಿಡುವ ಕಡೆ ಮೊದಲ ಎಂಟು ನಿಮಿಷದ ಮುದ್ರಣವೆಲ್ಲ ಕುರ್ಚಿಯ ಸದ್ದು. ಬೆಂಗಳೂರಿನ ರಂಗಶಂಕರದಂತೆ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವ ಶಿಸ್ತು ಎಲ್ಲೆಡೆ ಇಲ್ಲ. ಹಾಗಾಗಿ ಕಥೆಗೆ ಬೇಕಾದ ಯಾವ ಮಾಹಿತಿಯನ್ನೂ ಆ ಎಂಟು ನಿಮಿಷದಲ್ಲಿ ಇಡುವುದನ್ನು ಬಿಟ್ಟೆ. ಈಗ ಅಲ್ಲಿರುವುದು ಹೆಂಡತಿ, ಕುಕ್ಕರು, ಸಿಗದ ಒಂದು ಚಮಚ.

ನಾಟಕದ ಅಂತ್ಯವನ್ನು ಕೊಟ್ಟದ್ದೂ ಮುದ್ರಣವೇ. ಮೊದಲ ರೂಪದಲ್ಲಿ ಗಂಡ ಕೊನೆಗೆ ಧೈರ್ಯ ತಂದುಕೊಂಡು ಟ್ರಂಕನ್ನು ಬೀದಿಗೆ ಇಡುತ್ತಿದ್ದ. ಸಭೆ ಚಪ್ಪಾಳೆ ಹೊಡೆಯುತ್ತದೆಂದು ಬರೆದದ್ದು. ಸಾಗರದ ಮುದ್ರಣದಲ್ಲಿ ಆ ಜಾಗಕ್ಕೆ ಚಪ್ಪಾಳೆಯಿಲ್ಲ, ನಗುವಿಲ್ಲ, ಕೆಮ್ಮೂ ಇಲ್ಲ. ಆಮೇಲೆ ಮುಂದಿನ ಸಾಲುಗಳಿಂದ ವಯಸ್ಸಾದ ಹೆಂಗಸಿನ ದನಿಯೊಂದು, ಪಕ್ಕದವರಿಗೆ ಹೇಳಿದ್ದು: "ಪಾಪ, ಅವನಾದರೂ ಎಲ್ಲಿಗೆ ಹೋಗಬೇಕು?" ಬಾಡಿಗೆಯ ಸಾಲು ಅವರಿಗೆ ಕೇಳಿಸಿತ್ತು. ಆ ರಾತ್ರಿ ನಾಟಕಕಾರನಿಗೆ ಅದನ್ನು ಐದಾರು ಸಲ ಕೇಳಿಸಿದೆ. ಅವನು ಮಾತಾಡದೆ ಎದ್ದುಹೋಗಿ ಬೆಳಗಾಗುವುದರೊಳಗೆ ಒಂದೂವರೆ ಪುಟ ಬರೆದು ತಂದ. ಈಗ ಚಿಕ್ಕಪ್ಪ ಯಾರೂ ಹೇಳದೆಯೇ ನಸುಕಿನಲ್ಲಿ ಎದ್ದು ಹಾಸಿಗೆ ಮಡಚಿ, ಗೋಡೆಯ ಗಡಿಯಾರ ಇಳಿಸಿಕೊಳ್ಳುತ್ತಾನೆ. ಹೆಂಡತಿ ಅಡುಗೆಮನೆಯಿಂದ ಬಂದು ಅವನ ಕೈಯಿಂದ ಗಡಿಯಾರ ತೆಗೆದುಕೊಂಡು, ಕೀಲಿ ಕೊಟ್ಟು, ಅದೇ ಮೊಳೆಗೆ ತೂಗುಹಾಕುತ್ತಾಳೆ. ಬೆಳಕು ಆರುತ್ತದೆ. ಧಾರವಾಡದಲ್ಲಿ ಚಪ್ಪಾಳೆಗೆ ಮುಂಚೆ ಒಂಬತ್ತು ಸೆಕೆಂಡ್ ಮೌನ, ಅದರಲ್ಲಿ ಗಡಿಯಾರದ ಟಿಕ್ ಟಿಕ್ ಹಿಂದಿನ ಸಾಲಿನ ರೆಕಾರ್ಡರಿನಲ್ಲೂ ಕೇಳುತ್ತದೆ.

ಹತ್ತನೆಯ ಪ್ರಯೋಗದ ಹೊತ್ತಿಗೆ ಈ ನಾಟಕದ ಅಸಲು ಬಂತು. ಹಿಂದಿನ ಸಾಲದಲ್ಲಿ ಇನ್ನು ಮೂವತ್ತು ಸಾವಿರದಷ್ಟು ಉಳಿದಿದೆ, ಮಳೆಗಾಲಕ್ಕೆ ಮುಂಚೆ ಮೂರು ಆಹ್ವಾನಗಳಿವೆ. ಪ್ರಾಂಪ್ಟರ್ ಪ್ರತಿಯ ಮೂವತ್ತೊಂದನೆಯ ಪುಟ ಮಾತ್ರ ಇನ್ನೂ ಬಗ್ಗಿಲ್ಲ. ಚಿಕ್ಕಪ್ಪ ಮಗುವಿಗೆ ಮಗ್ಗಿ ಹೇಳಿಕೊಡುವ ಜಾಗ. ಮುದ್ರಿಸಿಕೊಂಡ ಪ್ರಯೋಗಗಳಲ್ಲೆಲ್ಲ ಅಲ್ಲಿ ಒಂದೇ ಗುರುತು ಬಿದ್ದಿದೆ, ಕೆಮ್ಮಿನದು. ಮುಂದಿನ ವಾರದ ತಾಲೀಮಿನಲ್ಲಿ ಅದನ್ನೇ ಹಿಡಿಯುತ್ತೇನೆ.