ಮಾರಾಟಕ್ಕಿಲ್ಲದ ಕಾರನ್ನೇ ಕೇಳಿ ಕೊಂಡೆ

2025ರ ಮಾರ್ಚ್ ಕೊನೆಯಲ್ಲಿ ನನ್ನ ಹಳೆಯ ವ್ಯಾಗನ್ ಆರ್ ಭರಮಸಾಗರದ ಬಳಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡು ನಿಂತಿತು. ಮಧ್ಯಾಹ್ನದ ಬಿಸಿಲು, ಡಿಕ್ಕಿಯ ತುಂಬ ಚಿತ್ರದುರ್ಗದ ಅಂಗಡಿಗಳಿಗೆ ಕೊಡಬೇಕಾದ ಔಷಧಿ ಪೆಟ್ಟಿಗೆಗಳು. ಕಾರನ್ನು ಎಳೆಸಿಕೊಂಡು ನಮ್ಮೂರಾದ ದಾವಣಗೆರೆಗೆ ಬರಲು ಮೂರು ಸಾವಿರ, ಹೆಡ್ ಬಿಚ್ಚಿ ಫೇಸಿಂಗ್ ಮಾಡಿಸಿ ಕೂರಿಸಲು ಹದಿನಾಲ್ಕು ಸಾವಿರ ಹೋಯಿತು. ಅದರ ಹಿಂದಿನ ವರ್ಷವೇ ರೇಡಿಯೇಟರ್, ಕ್ಲಚ್ ಪ್ಲೇಟ್, ಎರಡೂ ಲೋವರ್ ಆರ್ಮ್ ಮತ್ತು ಎರಡು ಬಾರಿ ಎಸಿ ಗ್ಯಾಸ್ ಎಂದು ಐವತ್ತೆಂಟು ಸಾವಿರದಷ್ಟು ಸುರಿದಿದ್ದೆ. ನಮ್ಮ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, "ಇನ್ನು ಇದಕ್ಕೆ ದುಡ್ಡು ಹಾಕಬೇಡಿ ಸರ್. ನನಗೆ ಬರುವ ಕೆಲಸ ತಪ್ಪುತ್ತದೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ" ಎಂದ. 2007ರ ಕಾರು ಅದು. ಹದಿನೈದು ವರ್ಷ ತುಂಬಿದಾಗ ಐದು ಸಾವಿರ ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೆ ನವೀಕರಿಸಿದ್ದೆ. ಅದು ಮುಗಿಯುವುದು 2027ಕ್ಕೆ. ಇಪ್ಪತ್ತು ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಹತ್ತು ಸಾವಿರಕ್ಕೆ ಏರಿಸಿದ ಸುದ್ದಿ 2025ರ ಆಗಸ್ಟ್‌ನಲ್ಲಿ ಬಂತು. ಅಷ್ಟರೊಳಗೆ ನಾನು ಬೇರೆ ಕಾರು ಹುಡುಕತೊಡಗಿ ಐದು ತಿಂಗಳಾಗಿತ್ತು.

ಕೈಯಲ್ಲಿದ್ದದ್ದು ನಾಲ್ಕು ಲಕ್ಷ. ಸಾಲ ಮಾಡಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ದಿನಕ್ಕೆ ಎಂಬತ್ತು ಕಿಲೋಮೀಟರ್ ಓಡಿಸುವ ನನಗೆ ಬೇಕಾದದ್ದು ಪೆಟ್ರೋಲ್ ಕಾರು: ಬಿಡಿಭಾಗ ಜಗಳೂರಿನಲ್ಲೂ ಸಿಗಬೇಕು, ಎಂಜಿನ್ನಿನಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಬದಲು ಚೈನ್ ಇರಬೇಕು, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಮತ್ತು ಎರಡು ಏರ್‌ಬ್ಯಾಗ್ ಇರಬೇಕು. ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ, ಪಕ್ಕದ ಸೀಟಿನ ಏರ್‌ಬ್ಯಾಗ್ ಇನ್ನೂ ತಡವಾಗಿ, 2021ರಲ್ಲಿ. ಅದಕ್ಕೆ ಹಿಂದಿನ ಕಾರುಗಳಲ್ಲಿ ಯಾವ ಮಾದರಿಯಲ್ಲಿ ಇವು ಇವೆ, ಯಾವುದರಲ್ಲಿ ಇಲ್ಲ ಎಂದು ಒಂದೊಂದನ್ನೂ ನೋಡಿಯೇ ತಿಳಿಯಬೇಕು.

ಮೊದಲ ಮೂರು ಪ್ರಯತ್ನಗಳಲ್ಲಿ ನಾನು ಕಳೆದುಕೊಂಡ ಹಣ ಇಪ್ಪತ್ತಾರು ಸಾವಿರ. ಮೊದಲನೆಯದು ದಲ್ಲಾಳಿಯೊಬ್ಬರು ಬೆಂಗಳೂರಿನಿಂದ ತಂದ ಕೆಂಪು ಹ್ಯಾಚ್‌ಬ್ಯಾಕ್. ಮೀಟರ್ 48 ಸಾವಿರ ತೋರಿಸುತ್ತಿತ್ತು, ಸೀಟಿನ ಕವರ್ ಹೊಸದು, ಬಣ್ಣ ಕನ್ನಡಿಯಂತಿತ್ತು. ಹದಿನೈದು ಸಾವಿರ ಮುಂಗಡ ಕೊಟ್ಟೆ. ಮರುದಿನ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಇತಿಹಾಸ ತೆಗೆಸಿದರೆ, ಮೂರು ವರ್ಷದ ಹಿಂದೆಯೇ ಆ ಕಾರು 91 ಸಾವಿರ ಓಡಿತ್ತು. ಮುಂಗಡ ವಾಪಸ್ ಬರಲಿಲ್ಲ. ಎರಡನೆಯದು ಮಂಗಳೂರಿನ ಕಾರು. ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ಬರಲು ಅವನ ದಿನಗೂಲಿ, ಊಟ, ಪ್ರಯಾಣ ಸೇರಿ ಆರು ಸಾವಿರ ಖರ್ಚಾಯಿತು. ಮೇಲೆಲ್ಲ ಚೆನ್ನಾಗಿತ್ತು. ಚಾಲಕನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಹಳಿಯ ತುದಿ ಮುಟ್ಟಿದಾಗ ತುಕ್ಕು ಪದರ ಪದರವಾಗಿ ಬೆರಳಿಗೆ ಬಂತು. ಕರಾವಳಿಯ ಉಪ್ಪುಗಾಳಿ ಕಾರನ್ನು ಕೆಳಗಿನಿಂದ ತಿನ್ನುತ್ತದೆ ಎಂಬುದು ಗೊತ್ತಿದ್ದೂ ಅಷ್ಟು ದೂರ ಹೋದದ್ದು ನನ್ನ ತಪ್ಪು. ಮೂರನೆಯದು ನಮ್ಮೂರಿನದೇ, ಕಾರೂ ಒಳ್ಳೆಯದೇ. ಆದರೆ ಸಾಲ ತೀರಿ ಆರು ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಎರಡಕ್ಕೂ ಮಾಲೀಕರು ಎರಡು ತಿಂಗಳು ಓಡಾಡಿದರು. ಕೊನೆಗೆ ಬೇಸತ್ತು ಮಾರುವುದನ್ನೇ ಬಿಟ್ಟರು. ಅಷ್ಟರಲ್ಲಿ ನನ್ನ ಹಳೆಯ ಕಾರಿಗೆ ಸ್ಟಾರ್ಟರ್ ಮೋಟಾರು ಹಾಕಿಸಲು ಐದು ಸಾವಿರ ಖರ್ಚಾಗಿತ್ತು. ಕಾದದ್ದಕ್ಕೆ ತೆತ್ತ ಬೆಲೆಯೆಂದು ಅದನ್ನೂ ಈ ಲೆಕ್ಕಕ್ಕೇ ಸೇರಿಸಿದ್ದೇನೆ.

ಆ ಮೂರೂ ಮುಗಿದ ಮೇಲೆ ಒಂದು ಸಂಗತಿ ತಲೆಗೆ ಹೊಳೆಯಿತು. ಒಬ್ಬರೇ ಮಾಲೀಕರು ಜತನದಿಂದ ಇಟ್ಟುಕೊಂಡ ಕಾರು ಪೇಟೆಗೆ ಬರುವುದೇ ಅಪರೂಪ. ಅದು ಅಣ್ಣನ ಮಗನಿಗೆ ಹೋಗುತ್ತದೆ, ಇಲ್ಲವೇ ಹೊಸ ಕಾರು ಕೊಳ್ಳುವಾಗ ಶೋರೂಮಿನ ಎಕ್ಸ್‌ಚೇಂಜ್‌ಗೆ ಹೋಗುತ್ತದೆ. ಹಾಗಿದ್ದರೆ ಅದು ಮನೆಯ ಮುಂದೆ ನಿಂತಿರುವಾಗಲೇ, ಮಾರುವ ಯೋಚನೆ ಬಾಯಿಗೆ ಬರುವ ಮೊದಲೇ ಹೋಗಿ ಕೇಳಬೇಕು. ಇದನ್ನು ಮನೆಯಲ್ಲಿ ಹೇಳಿದಾಗ ಯಾರೂ ಒಪ್ಪಲಿಲ್ಲ. ಭಾವನವರು, "ಮಾರಾಟಕ್ಕಿಲ್ಲದ್ದನ್ನು ಕೇಳಲು ಹೋದರೆ ಗೇಟಿನಲ್ಲೇ ಬೈಸಿಕೊಂಡು ಬರುತ್ತೀರಿ" ಎಂದರು. ಮೆಕ್ಯಾನಿಕ್ ಕೂಡ ಬೇಡವೆಂದು ತಲೆಯಾಡಿಸಿದ.

ನೂರು ಪುಟದ ನೋಟ್‌ಬುಕ್ ಒಂದನ್ನು ಕೊಂಡೆ. ಬೆಳಗಿನ ನಡಿಗೆಯನ್ನು ಕುಂದುವಾಡ ಕೆರೆಯ ಏರಿಯಿಂದ ಬೀದಿಗಳಿಗೆ ಬದಲಿಸಿದೆ. ಒಂದು ವಾರ ವಿದ್ಯಾನಗರ, ಮುಂದಿನ ವಾರ ನಿಜಲಿಂಗಪ್ಪ ಬಡಾವಣೆ, ಆಮೇಲೆ ಎಂಸಿಸಿ ಬಿ ಬ್ಲಾಕ್. ಶೆಡ್ಡಿನಡಿ ಅಥವಾ ಹೊದಿಕೆಯಡಿ ನಿಂತಿರುವ, ಏಳೆಂಟು ವರ್ಷದ, ನನ್ನ ಪಟ್ಟಿಗೆ ಹೊಂದುವ ಕಾರುಗಳನ್ನು ಮಾತ್ರ ಬರೆದುಕೊಂಡೆ. ಒಂದೇ ಕಾರನ್ನು ಮೂರು ಬೇರೆ ದಿನ ನೋಡುತ್ತಿದ್ದೆ. ಮೂರು ದಿನವೂ ಚಕ್ರ ಅದೇ ಜಾಗದಲ್ಲಿದ್ದರೆ ಕಾರು ಹೆಚ್ಚು ಓಡುತ್ತಿಲ್ಲ ಎಂದರ್ಥ. ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ ಎಂಬುದು ರಸ್ತೆಯಿಂದಲೇ ಕಾಣುತ್ತದೆ. ಮೂರು ತಿಂಗಳಲ್ಲಿ ಅರವತ್ತಕ್ಕಿಂತ ಹೆಚ್ಚು ಕಾರುಗಳನ್ನು ಬರೆದಿದ್ದೆ. ಅವುಗಳಲ್ಲಿ ಹತ್ತೊಂಬತ್ತು ಮನೆಗಳ ಗೇಟು ತಟ್ಟಿದೆ. ಹನ್ನೊಂದು ಜನ ನಿಂತು ಮಾತನಾಡಿದರು, ನಾಲ್ವರು ಕಾರು ತೋರಿಸಿದರು. ಒಬ್ಬರು ನನ್ನನ್ನು ಸಾಲ ವಸೂಲಿಗೆ ಬಂದವನೆಂದು ತಿಳಿದು ಮಗನನ್ನು ಕೂಗಿದರು. ಬೈದವರು ಇಬ್ಬರೇ. ಗೇಟಿನಲ್ಲಿ ನಿಂತು ಮೊದಲು ಆಡುವ ಮಾತು ಬಹಳ ಮುಖ್ಯ. ಏಳೆಂಟು ಮನೆಗಳಲ್ಲಿ ತಪ್ಪು ಮಾತಾಡಿಯೇ ಸರಿಯಾದದ್ದನ್ನು ಕಲಿತೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೈದುನನಿಗೂ ಒಂದು ಕಾರು ಹುಡುಕುತ್ತಿದ್ದೇನೆ.

ನಡುವೆ ಮಾಡಿದ ಒಂದೆರಡು ಪ್ರಯೋಗಗಳನ್ನೂ ಹೇಳಬೇಕು. ಒಂಬೈನೂರು ರೂಪಾಯಿ ಕೊಟ್ಟು, ಕಾರಿನ ಕಂಪ್ಯೂಟರಿನಲ್ಲಿರುವ ದೋಷಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತರಿಸಿದೆ. ಗೆಳೆಯರ ಕಾರುಗಳೂ ಸೇರಿ ಹನ್ನೊಂದರಲ್ಲಿ ಹಾಕಿ ನೋಡಿದೆ, ಎಂಟರಲ್ಲಿ ಸರಿಯಾಗಿ ಓದಿತು. ದೋಷದ ಕೋಡ್‌ಗಳನ್ನು ಎಲ್ಲರೂ ನೋಡುತ್ತಾರೆ. ನಾನು ನೋಡುವುದು ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬ ಸಾಲು. ಹದಡಿ ರಸ್ತೆಯ ಕಡೆ ನೋಡಿದ ಒಂದು ಕಾರಿನಲ್ಲಿ ಅದು ಕೇವಲ ನಲವತ್ತು ತೋರಿಸಿತು. ನಾನು ಬರುತ್ತೇನೆಂದು ತಿಳಿಸಿದ ಮೇಲೆ ಯಾರೋ ಎಂಜಿನ್ ದೀಪ ಆರಿಸಿದ್ದರು. ಇನ್ನೊಂದು ಪ್ರಯೋಗ ಮಣ್ಣಿನದು. ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ, ಬಾಗಿಲ ಬೀಡಿಂಗ್ ಒಳಗೆ ಕೂತ ಧೂಳನ್ನು ಬಿಳಿ ಬಟ್ಟೆಗೆ ಒರೆಸಿ ನೋಡುವುದು. ಭೀಮಸಮುದ್ರದ ಗಣಿ ರಸ್ತೆಯಲ್ಲಿ ಓಡಿದ ಕಾರಿನ ಧೂಳು ಕಡುಗೆಂಪು, ತೊಳೆದರೂ ಬಟ್ಟೆಯಿಂದ ಹೋಗುವುದಿಲ್ಲ. ಎರೆ ಹೊಲದ ಕಡೆಯದು ಬೂದುಗಪ್ಪು, ಒದ್ದೆಯಾದರೆ ಅಂಟುತ್ತದೆ. ಊರೊಳಗೇ ಓಡಿತು ಎಂದು ಹೇಳಿದ ಕಾರಿನಲ್ಲಿ ಕಡುಗೆಂಪು ಸಿಕ್ಕಾಗ ನಾನು ಹೆಚ್ಚು ಮಾತಾಡದೆ ಎದ್ದು ಬಂದೆ. ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ, ಅಪಘಾತದ ತಗ್ಗು ಮುಚ್ಚಲು ಬಣ್ಣದಡಿ ತುಂಬಿದ ಪುಟ್ಟಿ ಹುಡುಕುವುದನ್ನೂ ಮಾಡಿದೆ. ಆದರೆ ಬಾನೆಟ್ ಮತ್ತು ಫೆಂಡರ್ ಬೋಲ್ಟುಗಳ ತಲೆಯ ಬಣ್ಣ ಒಡೆದಿದೆಯೇ, ಅಂದರೆ ಆ ಭಾಗವನ್ನು ಬಿಚ್ಚಿದ್ದಾರೆಯೇ ಎಂದು ನೋಡುವುದು ಅದಕ್ಕಿಂತ ಬೇಗನೆ ಸತ್ಯ ಹೇಳುತ್ತದೆ.

ಆಗಸ್ಟ್‌ನಲ್ಲಿ ಸಿಕ್ಕಿದ್ದು ವಿದ್ಯಾನಗರದ ನಿವೃತ್ತ ಉಪನ್ಯಾಸಕರೊಬ್ಬರ 2018ರ ವ್ಯಾಗನ್ ಆರ್. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಅವರು ರಾತ್ರಿ ಓಡಿಸುವುದನ್ನು ಬಿಟ್ಟಿದ್ದರು. ವಾರಕ್ಕೊಮ್ಮೆ ತರಕಾರಿಗೆ, ಹಬ್ಬಕ್ಕೆ ಹರಿಹರದ ದೇವಸ್ಥಾನಕ್ಕೆ, ಅಷ್ಟೇ. ನಾನು ಕಾರು ನೋಡುವ ಮೊದಲು ಕಾಗದಗಳನ್ನು ಕೇಳಿದೆ. ಅವರು ಪ್ರತಿ ಸರ್ವಿಸ್ ಬಿಲ್ಲನ್ನೂ ದಿನಾಂಕದ ಕ್ರಮದಲ್ಲಿ ಟ್ಯಾಗ್ ಹಾಕಿ ಕಟ್ಟಿಟ್ಟಿದ್ದರು. 34 ಸಾವಿರ ಕಿಲೋಮೀಟರ್, ಸರ್ವಿಸ್ ಸೆಂಟರಿನ ದಾಖಲೆಗೂ ಬಿಲ್ಲುಗಳಿಗೂ ತಾಳೆಯಾಯಿತು. "ಮೊದಲು ಕಾರು ನೋಡಿ, ಆಮೇಲೆ ಕಾಗದ ನೋಡುವುದಲ್ಲವೇ?" ಎಂದು ಅವರು ಕೇಳಿದರು. "ಇಲ್ಲ ಸರ್, ಕಾರಿನ ಮೇಲೆ ಮನಸ್ಸು ಬಿದ್ದ ಮೇಲೆ ಕಾಗದದ ತಪ್ಪು ಕಣ್ಣಿಗೆ ಕಾಣುವುದಿಲ್ಲ" ಎಂದೆ. ಆ ಮಾತಿನಿಂದ ಅವರಿಗೆ ನನ್ನ ಮೇಲೆ ನಂಬಿಕೆ ಬಂತೆಂದು ಕಾಣುತ್ತದೆ.

ತೊಡಕಾದದ್ದು ಬೆಂಗಳೂರಿನಲ್ಲಿದ್ದ ಅವರ ಮಗ. ಮನೆಗೇ ಬಂದು ಕಾರು ಕೇಳುವವನು ಮೋಸಗಾರನೇ ಇರಬೇಕು ಎಂದು ಫೋನಿನಲ್ಲಿ ಹಟ ಹಿಡಿದರು. ಅವರ ಅನುಮಾನ ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಅಂಗಡಿಯ ಲೈಸೆನ್ಸ್ ಪ್ರತಿ ಕೊಟ್ಟೆ. ಅವರು ಹೇಳಿದ ಸರ್ವಿಸ್ ಸೆಂಟರಿನಲ್ಲೇ ನನ್ನ ಖರ್ಚಿನಿಂದ ಪರೀಕ್ಷೆ ಮಾಡಿಸುತ್ತೇನೆ, ಹಣವನ್ನೆಲ್ಲ ಬ್ಯಾಂಕ್ ಮೂಲಕವೇ ಕೊಡುತ್ತೇನೆ ಎಂದೆ. ಅವರು ಒಪ್ಪಲು ಆರು ವಾರ ಬೇಕಾಯಿತು. ಆ ನಡುವೆ ಆನ್‌ಲೈನಿನಲ್ಲಿ ನೋಡಿದಾಗ, ಮಗ ಬೆಂಗಳೂರಿನಲ್ಲಿ ಓಡಿಸಿದ ದಿನಗಳ ನಾಲ್ಕು ಸಂಚಾರ ದಂಡಗಳು ಬಾಕಿ ಇದ್ದವು. ಸರಕಾರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ದಂಡದಲ್ಲಿ ಅರ್ಧ ರಿಯಾಯಿತಿ ಕೊಟ್ಟಿತ್ತು. ನಾನೇ ಫೋನು ಮಾಡಿ ತಿಳಿಸಿದೆ, ಅವರು ಕಟ್ಟಿದರು. ಅಲ್ಲಿಂದ ಮಗನ ಧ್ವನಿ ಬದಲಾಯಿತು.

ಬೆಲೆಯ ವಿಷಯ. ಆಗಸ್ಟ್‌ನಲ್ಲಿ ಶೋರೂಮಿನವರು ಎಕ್ಸ್‌ಚೇಂಜ್‌ಗೆ ಅವರಿಗೆ ಹೇಳಿದ್ದು ಮೂರು ಲಕ್ಷದ ಹತ್ತು ಸಾವಿರ. ಅಂಥದೇ ಕಾರಿಗೆ ದಲ್ಲಾಳಿಗಳು ನಾಲ್ಕು ಲಕ್ಷದ ಮೇಲೆ ಕೇಳುತ್ತಿದ್ದರು. ನಡುವಿನ ತೊಂಬತ್ತು ಸಾವಿರ ಮಾರುವವರಿಗೂ ಇಲ್ಲ, ಕೊಳ್ಳುವವರಿಗೂ ಇಲ್ಲ. ಅದನ್ನು ನಾವಿಬ್ಬರೂ ಹಂಚಿಕೊಳ್ಳೋಣ ಎಂದು ಮೂರು ಅರವತ್ತು ಹೇಳಿದೆ. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದ ಮೇಲೆ ಹಳೆಯದು ಅದೇ ಬೆಲೆಗೆ ನಿಲ್ಲುವುದಿಲ್ಲ. ಎಕ್ಸ್‌ಚೇಂಜ್ ಬೆಲೆ ಎರಡು ಎಂಬತ್ತೈದಕ್ಕೆ ಬಂತು. ಇದನ್ನು ಲೆಕ್ಕ ಹಾಕಿ ಅವರ ಮುಂದೆಯೇ ಇಟ್ಟೆ. ಮೂರು ಲಕ್ಷ ನಲವತ್ತು ಸಾವಿರಕ್ಕೆ ಇಬ್ಬರೂ ಒಪ್ಪಿದೆವು.

ಪರೀಕ್ಷೆಗೆ ಬೆಳಗ್ಗೆ ಆರಕ್ಕೇ ಹೋದೆ. ಹಿಂದಿನ ಸಂಜೆಯಿಂದ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೀಲಿ ತಿರುಗಿಸಿದ್ದು. ಹೊಗೆ ಇಲ್ಲ, ಚೈನಿನ ಗಲಗಲ ಸದ್ದಿಲ್ಲ, ಎಣ್ಣೆ ಮುಚ್ಚಳ ಸಡಿಲಿಸಿ ಮೇಲಿಟ್ಟರೆ ಕುಣಿಯಲಿಲ್ಲ (ಕುಣಿದರೆ ಎಂಜಿನ್ ಒಳಗೆ ಸವೆದಿದೆ ಎಂದರ್ಥ). ಹೆಬ್ಬಾಳು ಟೋಲ್ ದಾಟಿ ಚಿತ್ರದುರ್ಗದವರೆಗೆ ಹೋಗಿ, ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ನಾಲ್ವರನ್ನು ಕೂರಿಸಿ ಎಸಿ ಹಾಕಿ ಎರಡನೇ ಗೇರಿನಲ್ಲಿ ಹತ್ತಿಸಿದೆ. ಕ್ಲಚ್ ಜಾರಲಿಲ್ಲ, ಎಂಜಿನ್ ಅತಿಯಾಗಿ ಬಿಸಿಯಾಗಲಿಲ್ಲ. ಒಳಗೆ ನೀರು ಹೊಕ್ಕಿತ್ತೇ ಎಂದು ತಿಳಿಯಲು ನಾನು ಬೆರಳಿಟ್ಟು ನೋಡುವ ಜಾಗವೊಂದಿದೆ, ಅದು ನನ್ನ ಬಳಿಯೇ ಇರಲಿ.

ಕಡಿಮೆ ಓಡಿದ ಕಾರಿಗೆ ಖರ್ಚೇ ಇಲ್ಲ ಎಂದು ತಿಳಿಯುವವರು ಬಹಳ. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕದ ನಾಲ್ಕಂಕಿ 1218 ಎಂದಿತ್ತು, ಅಂದರೆ 2018ರ ಹನ್ನೆರಡನೇ ವಾರದ ತಯಾರಿ. ಗೀರು ಆಳವಾಗಿಯೇ ಇದ್ದರೂ ಪಕ್ಕದಲ್ಲಿ ಸಣ್ಣ ಬಿರುಕುಗಳಿದ್ದವು. ನಾಲ್ಕೂ ಟೈರ್ ಬದಲಿಸಲು ಹದಿನಾಲ್ಕು ಸಾವಿರ, ಬ್ಯಾಟರಿಗೆ ನಾಲ್ಕೂವರೆ, ಬ್ರೇಕ್ ಆಯಿಲ್, ಕೂಲಂಟ್, ಹೊರಗಿನ ಬೆಲ್ಟು ಮತ್ತು ಮುಂದಿನ ಬುಷ್‌ಗಳಿಗೆ ಎಂಟು ಸಾವಿರದಷ್ಟು ಆಯಿತು. ಇದನ್ನು ನಾನು ಮೊದಲೇ ಬೆಲೆಯಲ್ಲಿ ಲೆಕ್ಕ ಹಿಡಿದಿದ್ದೆ, ಹಾಗಾಗಿ ನೋವಾಗಲಿಲ್ಲ.

ಹೆಸರು ಬದಲಾವಣೆಗೆ ಮಾರಿದ್ದನ್ನು ತಿಳಿಸುವ ಫಾರಂ 29ರ ಎರಡು ಪ್ರತಿ, ವರ್ಗಾವಣೆಯ ಅರ್ಜಿಯಾದ ಫಾರಂ 30, ಇವೆಲ್ಲ ಸುಲಭವಾಗಿ ಆದವು. ನನ್ನ ಕೆಲಸ ಎರಡು ವಾರ ನಿಂತದ್ದು ಒಟಿಪಿಗೆ. ಆರ್‌ಸಿಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆಯನ್ನು ಅವರು ಎಂದೋ ಬಿಟ್ಟಿದ್ದರು. ಮುಂಗಡ ಕೊಡುವ ದಿನವೇ ಇದನ್ನು ಕೇಳಿ. ಅವರ ಫಾಸ್ಟ್ಯಾಗ್ ಅನ್ನು ಅವರಿಂದಲೇ ಮುಚ್ಚಿಸಿ ನನ್ನದನ್ನು ಹಾಕಿಸಿದೆ. ವಿಮೆಯಲ್ಲಿ ಅವರಿಗಿದ್ದ ಶೇಕಡಾ 50ರ ನೋ ಕ್ಲೈಮ್ ಬೋನಸ್, ಅಂದರೆ ಪರಿಹಾರ ಕೇಳದೇ ಇದ್ದುದಕ್ಕೆ ಸಿಗುವ ರಿಯಾಯಿತಿ, ಅವರದು, ಕಾರಿನದ್ದಲ್ಲ. ನನ್ನ ಹಳೆಯ ಕಾರಿಗೆ ಬೇರೆಯವರಿಗಾಗುವ ಹಾನಿಯನ್ನಷ್ಟೇ ಭರಿಸುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದುದರಿಂದ ನನಗೆ ಬೋನಸ್ಸೇ ಇರಲಿಲ್ಲ. ಎರಡೂವರೆ ಸಾವಿರ ಹೆಚ್ಚು ಕಟ್ಟಬೇಕಾಯಿತು. ಹಳೆಯ ಕಾರನ್ನು ಅದರ ಎಲ್ಲ ದೋಷಗಳನ್ನೂ ಹಾಳೆಯಲ್ಲಿ ಬರೆದುಕೊಟ್ಟು ಎಪ್ಪತ್ತೆರಡು ಸಾವಿರಕ್ಕೆ ಮಾರಿದೆ.

ಕೊಂಡ ಮೇಲೆ ನಾನು ಓಡಿಸಿದ್ದು ಈಗ ನಾಲ್ಕು ಸಾವಿರ ಕಿಲೋಮೀಟರ್ ದಾಟಿದೆ, ಹೆದ್ದಾರಿಯಲ್ಲಿ ಲೀಟರಿಗೆ ಹತ್ತೊಂಬತ್ತು ಇಪ್ಪತ್ತು ಕೊಡುತ್ತಿದೆ. ಟೈರಿನ ಗಾಳಿಯನ್ನು ಮೂವತ್ತರಿಂದ ಮೂವತ್ತಮೂರಕ್ಕೆ ಏರಿಸಿ ಆರು ಬಾರಿ ಚಿತ್ರದುರ್ಗಕ್ಕೆ ಹೋಗಿ ಬಂದು ಅಳೆದೆ. ಅರ್ಧ ಕಿಲೋಮೀಟರಿನಷ್ಟು ಹೆಚ್ಚಿತು, ಆದರೆ ಹಿಂದಿನ ಸೀಟಿನವರಿಗೆ ಗುಂಡಿಗಳು ತಟ್ಟುತ್ತವೆ, ಮತ್ತೆ ಮೂವತ್ತಕ್ಕೇ ಇಳಿಸಿದೆ. ಭಾವನವರು ಮೊನ್ನೆ ಬಂದಾಗ ಕಾರನ್ನು ತಾವೇ ಬಾತಿಯವರೆಗೆ ಓಡಿಸಿ ಬಂದು, ನೋಟ್‌ಬುಕ್ ಎಲ್ಲಿ ಎಂದು ಕೇಳಿದರು. ಮೈದುನನಿಗೆಂದು ಗುರುತು ಹಾಕಿದ ಎರಡು ಪುಟಗಳನ್ನು ಬಿಟ್ಟು ಉಳಿದದ್ದನ್ನು ತೋರಿಸಿದೆ.